ಚಿನ್ನದ ನ್ಯಾನೋಕಣದ ಮೇಲೆ ಆಲ್ಬುಮಿನ್: ಅಂಟಿದೆ ಎನ್ನಲು ಯಾವ ಸಾಕ್ಷ್ಯ ಸಾಕು?

ಕೆಂಪುದ್ರಾವಣ

ಎಲ್ಲರಿಗೂ ನಮಸ್ಕಾರ. ಪ್ರೋಟೀನುಗಳು ನಿರವಯವ ನ್ಯಾನೋಕಣಗಳ ಮೇಲ್ಮೈಯಲ್ಲಿ ಹೇಗೆ ಕೂರುತ್ತವೆ, ಕುಳಿತ ಮೇಲೆ ತಮ್ಮ ಆಕಾರವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಎರಡನೆಯ ವರ್ಷ ನಡೆಯುತ್ತಿದೆ. ನನ್ನ ಬಳಿ ಈಗ ನಾಲ್ಕು ಅಳತೆಗಳಿವೆ, ಒಂದು ಗಣಕ ಅನುಕರಣೆಯಿದೆ, ಮತ್ತು ಅವು ಒಂದೇ ಮಾತನ್ನು ಹೇಳುತ್ತಿಲ್ಲ.

ಕಣಗಳನ್ನು ಟರ್ಕೆವಿಚ್ ವಿಧಾನದಲ್ಲಿ ಸಿಟ್ರೇಟ್ ಬಳಸಿ ತಯಾರಿಸಿದ್ದೇನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವ್ಯಾಸ 20 ನ್ಯಾನೋಮೀಟರ್ ಇದೆ. ಕಣಗಳ ಸಾಂದ್ರತೆ 1 ನ್ಯಾನೋಮೋಲಾರ್, ಗೋವಿನ ಸೀರಮ್ ಆಲ್ಬುಮಿನ್ 1 ಮೈಕ್ರೋಮೋಲಾರ್, ದುರ್ಬಲ ಫಾಸ್ಫೇಟ್ ಬಫರ್, ಪಿ.ಎಚ್. 7.4. ಪ್ರೋಟೀನ್ ಸೇರಿಸಿದ ಮೇಲೆ ಹೀರಿಕೆಯ ಶಿಖರ 520ರಿಂದ 524 ನ್ಯಾನೋಮೀಟರಿಗೆ ಸರಿಯಿತು. ಚದುರಿದ ಬೆಳಕಿನ ಏರಿಳಿತದಿಂದ ಗಾತ್ರವನ್ನು ಅಳೆಯುವ ಡಿ.ಎಲ್.ಎಸ್. ಉಪಕರಣದಲ್ಲಿ ವ್ಯಾಸ 24ರಿಂದ 38ಕ್ಕೆ ಏರಿತು. ಕಣಗಳನ್ನು ಹೆಚ್ಚಿಸುತ್ತ ಹೋದಂತೆ ಪ್ರೋಟೀನಿನೊಳಗಿನ ಅಮೈನೋ ಆಮ್ಲವಾದ ಟ್ರಿಪ್ಟೊಫಾನಿನ ಪ್ರತಿದೀಪ್ತಿ, ಅಂದರೆ ಅತಿನೇರಳೆ ಬೆಳಕು ಬಿದ್ದಾಗ ಅದು ಹೊರಸೂಸುವ ಬೆಳಕು, ಚೆನ್ನಾಗಿ ಕುಗ್ಗಿತು. ಬೆಳಕು ಕುಗ್ಗಿದ ಪ್ರಮಾಣವನ್ನು ಕಣಗಳ ಸಾಂದ್ರತೆಗೆ ಎದುರಾಗಿ ಗುರುತಿಸುವ ಸ್ಟರ್ನ್–ವೋಲ್ಮರ್ ರೇಖೆ ಬಹುಮಟ್ಟಿಗೆ ನೇರವಾಗಿ ಬಂದದ್ದರಿಂದ, ಪ್ರೋಟೀನ್ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಹೇಳುವ ಬಂಧನ ಸ್ಥಿರಾಂಕವೂ ಸಿಕ್ಕಿತು. ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕಿನ ಹೀರಿಕೆಯಿಂದ ಪ್ರೋಟೀನಿನ ಮಡಿಕೆಯನ್ನು ಅಳೆಯುವ ಸಿ.ಡಿ. ವರ್ಣಪಟಲದ ಪ್ರಕಾರ ಆಲ್ಫಾ ಸುರುಳಿಯ ಪ್ರಮಾಣ ಶೇಕಡಾ 66ರಿಂದ 58ಕ್ಕೆ ಇಳಿದಿದೆ. ಆದರೆ ಚಿನ್ನದ ಸಮತಟ್ಟಾದ ಮೇಲ್ಮೈಯ ಮೇಲೆ 100 ನ್ಯಾನೋಸೆಕೆಂಡ್ ನಡೆಸಿದ ಅನುಕರಣೆಯಲ್ಲಿ ಪ್ರೋಟೀನ್ ಹೋಗಿ ಅಂಟಿಕೊಂಡಿತೇ ವಿನಾ ಒಂದು ಸುರುಳಿಯೂ ಬಿಚ್ಚಲಿಲ್ಲ.

ಪ್ರಯೋಗವನ್ನು ನಂಬಿ ಅನುಕರಣೆಯನ್ನು ಬಿಡಬೇಕೇ? ಅಥವಾ ನಾನೇ ಎಲ್ಲಿಯೋ ತಪ್ಪಿದ್ದೇನೆಯೇ? ಇನ್ನೊಂದು ಸಂದೇಹವೂ ಇದೆ. ಈ ಪಿ.ಎಚ್.ನಲ್ಲಿ ಆಲ್ಬುಮಿನ್ ಋಣಾವೇಶದ್ದು, ಸಿಟ್ರೇಟ್ ಹೊದ್ದ ಚಿನ್ನವೂ ಋಣಾವೇಶದ್ದು. ಇವೆರಡು ಹತ್ತಿರ ಬರುವುದಾದರೂ ಏಕೆ?

ಜೀವರಸಾಯನಿ

ಯಾವುದನ್ನು ನಂಬಬೇಕು ಎಂದು ತೀರ್ಮಾನಿಸುವ ಮೊದಲು ದಯವಿಟ್ಟು ಒಂದು ಲೆಕ್ಕ ಮಾಡಿ. ಈ ಕ್ಷೇತ್ರದಲ್ಲಿ ಎಣಿಕೆಯನ್ನು ಮಾಡದೆಯೇ ವರ್ಣಪಟಲವನ್ನು ಅರ್ಥೈಸುವ ರೂಢಿ ಬೆಳೆದುಬಿಟ್ಟಿದೆ, ಅದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

20 ನ್ಯಾನೋಮೀಟರ್ ವ್ಯಾಸದ ಗೋಳದ ಮೇಲ್ಮೈ ಸುಮಾರು 1,257 ಚದರ ನ್ಯಾನೋಮೀಟರ್. ಆಲ್ಬುಮಿನನ್ನು 8 ನ್ಯಾನೋಮೀಟರ್ ಬದಿಯ, 3 ನ್ಯಾನೋಮೀಟರ್ ದಪ್ಪದ ತ್ರಿಕೋನ ಫಲಕವೆಂದು ಭಾವಿಸಿದರೆ, ಮಲಗಿದಾಗ ಅದು ಆಕ್ರಮಿಸುವ ಜಾಗ ಸುಮಾರು 28 ಚದರ ನ್ಯಾನೋಮೀಟರ್. ಒಂದಿಷ್ಟೂ ಸಂದು ಬಿಡದೆ ಜೋಡಿಸಿದರೂ ಒಂದು ಕಣದ ಮೇಲೆ 45 ಅಣುಗಳು. ಅಣುಗಳು ಬಂದ ಬಂದಲ್ಲಿ ಕೂತು ಅಲುಗಾಡದಿದ್ದರೆ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಮಾತ್ರ ತುಂಬುತ್ತದೆ, ಆಗ 25ರ ಆಸುಪಾಸು. ನಡುವಿನ 30 ಎಂದಿಟ್ಟುಕೊಳ್ಳೋಣ. ನಿಮ್ಮ 1 ನ್ಯಾನೋಮೋಲಾರ್ ಕಣಗಳು ಹಿಡಿದುಕೊಳ್ಳಬಲ್ಲದ್ದು 30 ನ್ಯಾನೋಮೋಲಾರ್ ಆಲ್ಬುಮಿನನ್ನು. ನೀವು ಹಾಕಿರುವುದು 1,000 ನ್ಯಾನೋಮೋಲಾರ್. ಅಂದರೆ ಕುವೆಟ್ಟಿನಲ್ಲಿರುವ (ಅಳತೆಗೆ ದ್ರಾವಣ ಹಾಕುವ ಪಾರದರ್ಶಕ ಪಾತ್ರೆಯಲ್ಲಿರುವ) ಪ್ರೋಟೀನಿನ ಶೇಕಡಾ 97 ಭಾಗ ಕಣದ ಮುಖವನ್ನೇ ನೋಡದೆ ದ್ರಾವಣದಲ್ಲಿ ತೇಲುತ್ತಿದೆ.

ಈಗ ನಿಮ್ಮ ಸಿ.ಡಿ. ಫಲಿತಾಂಶಕ್ಕೆ ಬನ್ನಿ. ಅಂಟಿಕೊಂಡ ಶೇಕಡಾ 3 ಭಾಗ ತನ್ನ ಸುರುಳಿಗಳನ್ನೆಲ್ಲ ಕಳೆದುಕೊಂಡಿತೆಂದರೂ ಸರಾಸರಿ ಪ್ರಮಾಣ 66ರಿಂದ 64ಕ್ಕೆ ಇಳಿಯಬೇಕು, ಅದಕ್ಕಿಂತ ಕೆಳಗೆ ಹೋಗುವಂತಿಲ್ಲ. ನಿಮಗೆ ಬಂದಿರುವುದು 58. ಉಳಿದ ಇಳಿಕೆಗೆ ಕಾರಣ ಮೇಲ್ಮೈಯಲ್ಲಿ ಇಲ್ಲ, ಅಳತೆಯಲ್ಲಿದೆ. 200ರಿಂದ 220 ನ್ಯಾನೋಮೀಟರಿನ ಪ್ರದೇಶದಲ್ಲಿ ಚಿನ್ನ ಬೆಳಕನ್ನು ಹೀರುತ್ತದೆ, ಸಿಟ್ರೇಟೂ ಹೀರುತ್ತದೆ. ಪತ್ತೆಕಾರಕದ ವೋಲ್ಟೇಜ್ ಮಿತಿ ಮೀರಿದರೆ ಉಪಕರಣ ಕೊಡುವ ರೇಖೆಗೆ ಅರ್ಥವೇ ಇರುವುದಿಲ್ಲ. ಪ್ರೋಟೀನಿನ ಒಂದು ಪಾಲು ನಳಿಕೆಯ ಗೋಡೆಗೆ ಅಂಟಿ ಹೋಗಿದ್ದರೂ ಸಾಂದ್ರತೆ ತಪ್ಪಾಗಿ, ಸುರುಳಿ ಕಡಿಮೆಯಾದಂತೆ ಕಾಣುತ್ತದೆ. ವೋಲ್ಟೇಜಿನ ರೇಖೆಯನ್ನು ಒಮ್ಮೆ ತೆಗೆದು ನೋಡಿ.

ಬೆಳಕುಮಾಪಕ

ಜೀವರಸಾಯನಿ ಅವರ ಎಣಿಕೆಯನ್ನು ಪ್ರತಿದೀಪ್ತಿಗೂ ಹಚ್ಚಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಅಂಟಿದ ಶೇಕಡಾ 3 ಭಾಗ ಪೂರ್ತಿಯಾಗಿ ನಂದಿದರೂ ಬೆಳಕು ಶೇಕಡಾ 3ರಷ್ಟು ಮಾತ್ರ ಕುಗ್ಗಬೇಕು. ಅಂಟದ ಅಣುಗಳನ್ನು ಕಣ ದೂರದಿಂದಲೇ ನಂದಿಸುತ್ತದೆಯೆಂದು ಕೆಲವರು ವಾದಿಸುವುದುಂಟು. ಆದರೆ 1 ನ್ಯಾನೋಮೋಲಾರಿನಲ್ಲಿ ಎರಡು ಕಣಗಳ ನಡುವಿನ ಸರಾಸರಿ ಅಂತರ ಸುಮಾರು 1.2 ಮೈಕ್ರೋಮೀಟರ್. ಚಿನ್ನಕ್ಕೆ ಶಕ್ತಿ ವರ್ಗಾವಣೆಯಾಗುವುದು ಹೆಚ್ಚೆಂದರೆ ಕೆಲವು ಹತ್ತು ನ್ಯಾನೋಮೀಟರುಗಳ ದೂರದಲ್ಲಿ. ಟ್ರಿಪ್ಟೊಫಾನ್ ಉದ್ರಿಕ್ತವಾಗಿರುವ ಐದಾರು ನ್ಯಾನೋಸೆಕೆಂಡುಗಳಲ್ಲಿ ಆಲ್ಬುಮಿನ್ ಸರಿದಾಡುವುದು ಒಂದೆರಡು ನ್ಯಾನೋಮೀಟರಿನಷ್ಟೇ. ಕಣವನ್ನು ಹುಡುಕಿಕೊಂಡು ಹೋಗಿ ನಂದಲು ಅದಕ್ಕೆ ಸಮಯವೇ ಇಲ್ಲ.

ಹಾಗಿದ್ದರೆ ಬೆಳಕು ಕುಗ್ಗಿದ್ದು ಹೇಗೆ? ಕಣಗಳು ಬೆಳಕನ್ನು ನುಂಗಿದವು. 20 ನ್ಯಾನೋಮೀಟರ್ ಚಿನ್ನದ ಕಣದ ಮೋಲಾರ್ ಕ್ಷೀಣನಾಂಕ 520 ನ್ಯಾನೋಮೀಟರಿನಲ್ಲಿ ಸುಮಾರು 9×10⁸. ಆದ್ದರಿಂದ 1 ನ್ಯಾನೋಮೋಲಾರ್ ದ್ರಾವಣದ ಹೀರಿಕೆ 0.9ರ ಹತ್ತಿರ. ಅತಿನೇರಳೆಯಲ್ಲಿಯೂ ಚಿನ್ನದ ಹೀರಿಕೆ ಗಣನೀಯವಾಗಿಯೇ ಇರುತ್ತದೆ. ಒಳಹೋಗುವ ಬೆಳಕಿಗೂ ಹೊರಬರುವ ಬೆಳಕಿಗೂ 0.9 ಎಂದೇ ಹಿಡಿದರೆ, ಎರಡೂ ಹೀರಿಕೆಗಳ ಸರಾಸರಿಯನ್ನು ಹತ್ತರ ಘಾತವಾಗಿಸುವ ರೂಢಿಯ ತಿದ್ದುಪಡಿ ಸೂತ್ರದ ಪ್ರಕಾರ, ಒಂದೇ ಒಂದು ಅಣು ಅಂಟದಿದ್ದರೂ ನಿಮಗೆ ಕಾಣುವುದು ಮೂಲ ಬೆಳಕಿನ ಎಂಟನೆಯ ಒಂದು ಭಾಗ ಮಾತ್ರ. ಕಡಿಮೆ ಸಾಂದ್ರತೆಯ ಒಂದು ಸಣ್ಣ ವ್ಯಾಪ್ತಿಯಲ್ಲಿ ಈ ಕುಸಿತ ಸ್ಟರ್ನ್–ವೋಲ್ಮರ್ ರೇಖೆಯಂತೆಯೇ ನೇರವಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲಿಯೇ. ಆ ರೇಖೆಯಿಂದ ನೀವು ಪಡೆದ ಸ್ಥಿರಾಂಕ ಚಿನ್ನದ ಹೀರಿಕೆಯ ಅಳತೆಯೇ ಹೊರತು ಬಂಧನದ ಅಳತೆಯಲ್ಲ.

ಪರೀಕ್ಷಿಸುವ ದಾರಿ ಸುಲಭವಾಗಿದೆ. ನಡುವೆ ಕ್ವಾರ್ಟ್ಸ್ ಗಾಜಿನ ಗೋಡೆಯಿರುವ ಎರಡು ಕೋಣೆಯ ಕುವೆಟ್ ಸಿಗುತ್ತದೆ. ಬೆಳಕು ಮೊದಲು ಹಾದುಹೋಗುವ ಕೋಣೆಯಲ್ಲಿ ಕಣಗಳನ್ನೂ ಹಿಂದಿನದರಲ್ಲಿ ಪ್ರೋಟೀನನ್ನೂ ಹಾಕಿ. ಅವು ಪರಸ್ಪರ ಮುಟ್ಟುವುದೇ ಇಲ್ಲ. ಆಗಲೂ ಬೆಳಕು ಕುಗ್ಗಿದರೆ ಉತ್ತರ ಸಿಕ್ಕಂತೆ.

ಕೆಂಪುದ್ರಾವಣ

ಇಬ್ಬರಿಗೂ ಕೃತಜ್ಞತೆಗಳು. ಓದಿದ ಮೇಲೆ ಆ ರೇಖಾಚಿತ್ರವನ್ನು ಮತ್ತೆ ತೆರೆದು ನೋಡಿದೆ. ಬಂಧನ ಸ್ಥಿರಾಂಕವನ್ನು ನನ್ನ ವಾರ್ಷಿಕ ವರದಿಯಲ್ಲಿ ಈಗಾಗಲೇ ಬರೆದಿದ್ದೇನೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗಾದರೆ ಪ್ರೋಟೀನ್ ಅಂಟಿದೆ ಎಂಬುದಕ್ಕೇ ನನ್ನಲ್ಲಿ ಆಧಾರ ಉಳಿದಿದೆಯೇ?

ಮೇಲ್ಮೈಚಿಂತಕ

ಉಳಿದಿದೆ. 520ರಿಂದ 524ಕ್ಕೆ ಸರಿದದ್ದು ಒಳ್ಳೆಯ ಸಾಕ್ಷ್ಯ, ಏಕೆಂದರೆ ಆ ಶಿಖರ ಕಣದ ಸುತ್ತಲಿನ ಕೆಲವೇ ನ್ಯಾನೋಮೀಟರುಗಳ ವಕ್ರೀಭವನಕ್ಕೆ ಸ್ಪಂದಿಸುತ್ತದೆ. ದೂರದಲ್ಲಿ ತೇಲುವ ಪ್ರೋಟೀನ್ ಇಷ್ಟು ಕಡಿಮೆ ಸಾಂದ್ರತೆಯಲ್ಲಿ ಅದನ್ನು ಅಲುಗಿಸಲಾರದು. ಉಳಿದ ಅಳತೆಗಳಿಗೆ ತೇಲುವ 97 ಭಾಗ ಅಡ್ಡಬರುತ್ತದೆ, ಇದಕ್ಕೆ ಬರುವುದಿಲ್ಲ.

ಡಿ.ಎಲ್.ಎಸ್. ಬಗ್ಗೆ ಜಾಗ್ರತೆ ಬೇಕು. ಮಲಗಿದ ಆಲ್ಬುಮಿನಿನ ಒಂದು ಪದರ ವ್ಯಾಸಕ್ಕೆ 6 ನ್ಯಾನೋಮೀಟರ್ ಸೇರಿಸುತ್ತದೆ, ನಿಂತದ್ದು 16 ಸೇರಿಸುತ್ತದೆ. ನಿಮ್ಮ 14 ನಿಂತ ಪದರವಿರಬಹುದು, ಎರಡು ಪದರವಿರಬಹುದು, ಇಲ್ಲವೇ ಕೆಲವು ಕಣಗಳು ಜೋಡಿಯಾಗಿರಬಹುದು. ಇಷ್ಟು ಚಿಕ್ಕ ಕಣಗಳಲ್ಲಿ ಚದುರುವ ಬೆಳಕು ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ಒಂದು ಜೋಡಿ ಒಂಟಿ ಕಣಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಚದುರಿಸುತ್ತದೆ. ನೂರರಲ್ಲಿ ಐದು ಜೋಡಿಗಳಿದ್ದರೂ ಸಂಕೇತದ ಶೇಕಡಾ 17 ಭಾಗ ಅವುಗಳದ್ದೇ ಆಗುತ್ತದೆ. 600ರಿಂದ 700 ನ್ಯಾನೋಮೀಟರ್ ನಡುವೆ ಹೀರಿಕೆ ಏರಿದೆಯೇ ಎಂದು ನೋಡಿ. ಕಣಗಳು ಗುಂಪುಗೂಡಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಸರಳವಾದ, ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆಯೊಂದಿದೆ. ಸಿಟ್ರೇಟ್ ಹೊದಿಕೆಯ ಬರಿಯ ಕಣಗಳಿಗೆ ಸಾಕಷ್ಟು ಅಡುಗೆ ಉಪ್ಪಿನ ದ್ರಾವಣ ಸೇರಿಸಿದರೆ ಕೆಂಪು ಹೋಗಿ ನೀಲಿ ಬರುತ್ತದೆ. ಪ್ರೋಟೀನ್ ಹೊದ್ದ ಕಣಗಳು ಕೆಂಪಾಗಿಯೇ ಉಳಿಯುತ್ತವೆ. 1901ರಲ್ಲಿ ರಿಚರ್ಡ್ ಜಿಗ್ಮಾಂಡಿ ಇದನ್ನೇ ‘ಚಿನ್ನದ ಸಂಖ್ಯೆ’ ಎಂಬ ಅಳತೆಯಾಗಿಸಿದರು: 10 ಮಿಲಿಲೀಟರ್ ಕೆಂಪು ಚಿನ್ನದ ದ್ರಾವಣಕ್ಕೆ ಶೇಕಡಾ 10ರ ಉಪ್ಪುನೀರನ್ನು 1 ಮಿಲಿಲೀಟರ್ ಸೇರಿಸಿದಾಗ ಬಣ್ಣ ಬದಲಾಗದಂತೆ ತಡೆಯಲು ಎಷ್ಟು ಮಿಲಿಗ್ರಾಂ ರಕ್ಷಕ ವಸ್ತು ಬೇಕು ಎಂಬುದೇ ಆ ಸಂಖ್ಯೆ. ಅವರಿಗೆ 1925ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಬಂದಿತು. ನಾವು ಇಂದು ದುಬಾರಿ ಉಪಕರಣಗಳಲ್ಲಿ ಹುಡುಕುತ್ತಿರುವ ಎಷ್ಟೋ ಉತ್ತರಗಳಿಗೆ ಒಂದು ಪರೀಕ್ಷಾ ನಳಿಕೆ ಸಾಕಾಗುತ್ತದೆ. ಆಲ್ಬುಮಿನನ್ನು ಕಡಿಮೆ ಮಾಡುತ್ತ ಹೋಗಿ, ಯಾವ ಅನುಪಾತದಲ್ಲಿ ರಕ್ಷಣೆ ತಪ್ಪುತ್ತದೆ ಎಂದು ಗುರುತಿಸಿ. ಅದನ್ನು ಮೇಲಿನ 25ರಿಂದ 45ರ ಲೆಕ್ಕದೊಂದಿಗೆ ಹೋಲಿಸಬಹುದು. ಸಾಂದ್ರತೆ ಇಳಿದಂತೆ ನಳಿಕೆಯ ಗೋಡೆ ಕದಿಯುವ ಪಾಲು ದೊಡ್ಡದಾಗುತ್ತದೆಯೆಂಬುದನ್ನು ಮಾತ್ರ ಮರೆಯಬೇಡಿ.

ಋಣ–ಋಣ ಆಕರ್ಷಣೆಯ ಪ್ರಶ್ನೆ. ಆಲ್ಬುಮಿನಿನ ಸಮವಿದ್ಯುತ್ ಬಿಂದು, ಅಂದರೆ ನಿವ್ವಳ ಆವೇಶ ಸೊನ್ನೆಯಾಗುವ ಬಿಂದು, ಪಿ.ಎಚ್. 4.7ರ ಹತ್ತಿರ ಇರುವುದರಿಂದ 7.4ರಲ್ಲಿ ಅದರ ನಿವ್ವಳ ಆವೇಶ ಋಣವೇ. ಆದರೆ ಮೇಲ್ಮೈಗೆ ನಿವ್ವಳ ಆವೇಶ ಕಾಣುವುದಿಲ್ಲ, ಎದುರಿಗಿರುವ ತುಣುಕು ಮಾತ್ರ ಕಾಣುತ್ತದೆ. ಆಲ್ಬುಮಿನಿನಲ್ಲಿ ಸುಮಾರು 60 ಲೈಸಿನ್‌ಗಳಿವೆ, ಅವು ಅಲ್ಲಲ್ಲಿ ಧನಾವೇಶದ ತೇಪೆಗಳಂತಿವೆ. ದ್ರಾವಣದ ಅಯಾನುಗಳ ನಡುವೆ ಒಂದು ಆವೇಶದ ಪ್ರಭಾವ ಎಷ್ಟು ದೂರ ತಲುಪುತ್ತದೆ ಎಂಬುದನ್ನು ಹೇಳುವ ಡಿಬೈ ದೂರ 10 ಮಿಲಿಮೋಲಾರ್ ಉಪ್ಪಿನಲ್ಲಿ ಸುಮಾರು 3 ನ್ಯಾನೋಮೀಟರ್, ದೇಹದ್ರವಗಳ ಮಟ್ಟವಾದ 150ರಲ್ಲಿ 0.8. ಅಂದರೆ 8 ನ್ಯಾನೋಮೀಟರ್ ಅಗಲದ ಪ್ರೋಟೀನಿನ ಆಚೆ ಬದಿಯ ಆವೇಶ ಈಚೆಯ ಚಿನ್ನಕ್ಕೆ ತಲುಪುವುದೇ ಇಲ್ಲ. ಇದಲ್ಲದೆ ಮೇಲ್ಮೈಯಿಂದ ನೀರೂ ಅಯಾನುಗಳೂ ಬಿಡುಗಡೆಯಾಗಿ ಎಂಟ್ರೋಪಿ ಹೆಚ್ಚುತ್ತದೆ, ಪ್ರೋಟೀನಿನ ಒಳಗಿನ ಬಿಗಿ ಸಡಿಲಿದರೆ ಅದರಿಂದಲೂ ಹೆಚ್ಚುತ್ತದೆ. ಆಲ್ಬುಮಿನಿನ 34ನೆಯ ಸ್ಥಾನದಲ್ಲಿರುವ ಬಿಡಿ ಸಿಸ್ಟೀನ್ ಚಿನ್ನದೊಂದಿಗೆ ಗಂಧಕದ ಬಂಧವನ್ನು ಕಟ್ಟಲೂಬಹುದು. ಆದರೆ ಆ ಸಿಸ್ಟೀನ್ ಒಂದು ಸಂದಿನಲ್ಲಿ ಅಡಗಿರುವುದರಿಂದ ಅಣು ಸ್ವಲ್ಪ ತೆರೆದುಕೊಳ್ಳದೆ ಅದು ಮೇಲ್ಮೈಯನ್ನು ಮುಟ್ಟಲಾರದು.

ಪ್ರೋಟೀನುಗಳನ್ನು ‘ಗಟ್ಟಿ’ ಮತ್ತು ‘ಮೆತ್ತಗಿನ’ ಎಂದು ವಿಂಗಡಿಸಿ ನೋಡುವ ನೋರ್ಡೆ ಅವರ ದೃಷ್ಟಿ ಇಲ್ಲಿ ಬಹಳ ಉಪಯುಕ್ತ. 129 ಅಮೈನೋ ಆಮ್ಲಗಳ ಲೈಸೋಜೈಮ್ ಗಟ್ಟಿ. ಎದುರು ಆವೇಶದ ಮೇಲ್ಮೈ ಇದ್ದರೆ ಸುಲಭವಾಗಿ ಅಂಟುತ್ತದೆ. ಆಲ್ಬುಮಿನಿಗೆ 17 ಗಂಧಕ ಸೇತುವೆಗಳಿದ್ದರೂ ಅದು ಮೆತ್ತಗಿನದು, ಸಮಾನ ಆವೇಶದ ಮೇಲ್ಮೈಗೂ ಅಂಟುತ್ತದೆ.

ಗಣಕಮಿತ್ರ

ಅನುಕರಣೆಯ ಪರವಾಗಿ ಮಾತನಾಡಲು ನನಗೂ ಅವಕಾಶ ಕೊಡಿ. ಜೀವರಸಾಯನಿ ಅವರ ಲೆಕ್ಕದ ನಂತರ ಸಿ.ಡಿ.ಯ 58 ಬಿದ್ದುಹೋಯಿತು, ಹಾಗಾಗಿ ಅನುಕರಣೆ ಪ್ರಯೋಗಕ್ಕೆ ವಿರುದ್ಧವಾಗಿದೆ ಎಂದು ಹೇಳಲು ಈಗ ಆಧಾರವಿಲ್ಲ. ಆದರೆ ಅನುಕರಣೆ ಸರಿಯಾಗಿದೆ ಎಂದೂ ಇದರಿಂದ ಸಿದ್ಧವಾಗುವುದಿಲ್ಲ. ನೀವು ಲೆಕ್ಕ ಹಾಕಿಸಿದ್ದು ಸಿಟ್ರೇಟೇ ಇಲ್ಲದ ಬರಿಯ ಸಮತಟ್ಟು ಚಿನ್ನ. ಪ್ರಯೋಗದಲ್ಲಿ ಇರುವುದು ಬಾಗಿದ, ಮೂಲೆಗಳುಳ್ಳ, ಸಿಟ್ರೇಟ್ ಹೊದ್ದ ಚಿನ್ನ. ಸಿಟ್ರೇಟನ್ನು ಪ್ರೋಟೀನ್ ತಳ್ಳಿಹಾಕುತ್ತದೆಯೋ ಅದರ ಮೇಲೆಯೇ ಕೂರುತ್ತದೆಯೋ ಎಂಬುದು ಈ ವಿಷಯದ ಮುಖ್ಯ ಪ್ರಶ್ನೆ, ಮತ್ತು ನಿಮ್ಮ ಮಾದರಿಯಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಎರಡನೆಯದಾಗಿ ಬಲಕ್ಷೇತ್ರದ, ಅಂದರೆ ಪರಮಾಣುಗಳ ನಡುವಿನ ಬಲಗಳನ್ನು ಲೆಕ್ಕಹಾಕುವ ಸೂತ್ರಗಳ, ಆಯ್ಕೆ. ಚಿನ್ನ ಲೋಹ, ಹತ್ತಿರ ಬಂದ ಆವೇಶಕ್ಕೆ ಅದರೊಳಗಿನ ಎಲೆಕ್ಟ್ರಾನುಗಳು ಸರಿದು ಸ್ಪಂದಿಸುತ್ತವೆ. ಗೋಲ್‌ಪಿ ಬಲಕ್ಷೇತ್ರ ಈ ಧ್ರುವೀಕರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಲೋಹದ ಪರಮಾಣುವನ್ನು ಸರಳ ಆಕರ್ಷಣೆ–ವಿಕರ್ಷಣೆ ಮಾತ್ರವಿರುವ ಬರಿಯ ಲೆನಾರ್ಡ್–ಜೋನ್ಸ್ ಗೋಲಿಯಾಗಿ ಕಾಣುವ ಮಾದರಿಗಳಲ್ಲಿ ಅದು ಇರುವುದಿಲ್ಲ. ಮೂರನೆಯದು ಕಾಲ. ಪ್ರೋಟೀನ್ ಮೇಲ್ಮೈಯಲ್ಲಿ ಹರಡಿಕೊಳ್ಳುವುದು ಸೆಕೆಂಡುಗಳಿಂದ ಗಂಟೆಗಳವರೆಗಿನ ಮಾತು. 100 ನ್ಯಾನೋಸೆಕೆಂಡಿನಲ್ಲಿ ನೀವು ನೋಡಿದ್ದು ಮೊದಲ ಸ್ಪರ್ಶವನ್ನು. ಅದರಲ್ಲಿಯೂ ಆರಂಭದಲ್ಲಿ ಯಾವ ಮುಖ ಕೆಳಗಿತ್ತೋ ಆ ಮುಖವೇ ಅಂಟಿರುತ್ತದೆ. ಒಂದೇ ಓಟವನ್ನು ದಯವಿಟ್ಟು ಫಲಿತಾಂಶವೆಂದು ಕರೆಯಬೇಡಿ. ಕನಿಷ್ಠ ಹತ್ತಾರು ದಿಕ್ಕುಗಳಿಂದ ಪ್ರಾರಂಭಿಸಿ.

583 ಅಮೈನೋ ಆಮ್ಲಗಳ ಅಣುವಿಗೆ ಬಂಧನದ ಮುಕ್ತ ಶಕ್ತಿಯನ್ನು ಲೆಕ್ಕ ಹಾಕುವುದು ಬಹಳ ಕಷ್ಟ. ಲಾಯೊ ಮತ್ತು ಪರಿನೆಲ್ಲೊ 2002ರಲ್ಲಿ ಕೊಟ್ಟ, ಅನುಕರಣೆಯನ್ನು ಈಗಾಗಲೇ ನೋಡಿದ ಸ್ಥಿತಿಗಳಿಂದ ಆಚೆಗೆ ತಳ್ಳುವ ಮೆಟಾಡೈನಮಿಕ್ಸ್ ಮೊದಲಾದ ವಿಧಾನಗಳು ಹತ್ತು–ಹನ್ನೆರಡು ಅಮೈನೋ ಆಮ್ಲಗಳ ಪೆಪ್ಟೈಡುಗಳಿಗೆ ಒಗ್ಗುತ್ತವೆ. ಅನುಕರಣೆ ಮತ್ತು ಪ್ರಯೋಗ ನಿಜವಾಗಿ ಒಂದನ್ನೊಂದು ತಿದ್ದಬಲ್ಲ ಗಾತ್ರ ಅದು.

ಜೀವರಸಾಯನಿ

ಗಣಕಮಿತ್ರ ಅವರ ಮಾತನ್ನು ಒಪ್ಪುತ್ತೇನೆ. ಮೇಲ್ಮೈಚಿಂತಕರು ನೀಡಿದ ಉಪ್ಪಿನ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ರಕ್ಷಣೆ ತಪ್ಪುವ ಬಿಂದುವಿನಿಂದ ಕೆಲವರು ಮತ್ತೆ ಬಂಧನ ಸ್ಥಿರಾಂಕ ತೆಗೆಯಲು ಹೊರಡುತ್ತಾರೆ. ಸಾಂದ್ರತೆಗೆ ತಕ್ಕಂತೆ ಮೇಲ್ಮೈ ಎಷ್ಟು ತುಂಬುತ್ತದೆ ಎಂದು ಹೇಳುವ, ಲ್ಯಾಂಗ್‌ಮ್ಯೂರ್ 1918ರಲ್ಲಿ ಕೊಟ್ಟ ಸಮೀಕರಣಕ್ಕೆ ಅಣುಗಳು ಬಂದು ಹೋಗುತ್ತಿರಬೇಕು, ಜಾಗಗಳೆಲ್ಲ ಒಂದೇ ಬಗೆಯವಾಗಿರಬೇಕು, ನೆರೆಯ ಅಣುಗಳು ಒಂದನ್ನೊಂದು ಬಾಧಿಸಬಾರದು. ಚಿನ್ನದ ಮೇಲಿನ ಆಲ್ಬುಮಿನ್ ಈ ಮೂರನ್ನೂ ಪಾಲಿಸುತ್ತದೆಂದು ಯಾರೂ ತೋರಿಸಿಕೊಟ್ಟಿರುವುದಿಲ್ಲ, ಆದರೂ ವಕ್ರರೇಖೆ ಹೊಂದಿಕೊಂಡಿತೆಂಬ ಒಂದೇ ಕಾರಣಕ್ಕೆ ಸಂಖ್ಯೆಯನ್ನು ಅಚ್ಚು ಹಾಕುತ್ತಾರೆ. ದ್ರಾವಣವನ್ನು ತೆಳುವಾಗಿಸಿ ಪ್ರೋಟೀನ್ ಬಿಟ್ಟು ಹೋಗುತ್ತದೆಯೇ ಎಂದು ಮೊದಲು ನೋಡಿ. ಹೋಗದಿದ್ದರೆ ಆ ಸಂಖ್ಯೆಗೆ ಸಮತೋಲನದ ಅರ್ಥವಿಲ್ಲ.

ಮೇಲ್ಮೈಚಿಂತಕ

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ತೆಳುವಾಗಿಸಿದಾಗ ಬಿಟ್ಟು ಹೋಗದ ಪ್ರೋಟೀನ್ ಕೂಡ ಬೇರೊಂದು ಪ್ರೋಟೀನ್ ಬಂದಾಗ ಜಾಗ ಬಿಟ್ಟುಕೊಡಬಹುದು. ಲಿಯೊ ವ್ರೋಮನ್ 1962ರಿಂದ ತೋರಿಸುತ್ತ ಬಂದದ್ದು ಇದನ್ನೇ: ರಕ್ತದ ಪ್ಲಾಸ್ಮಾ ತಗುಲಿದ ಮೇಲ್ಮೈಗೆ ಮೊದಲು ಬಂದ ಫೈಬ್ರಿನೋಜೆನನ್ನು ನಂತರ ಬಂದ, ಹೆಚ್ಚು ಬಿಗಿಯಾಗಿ ಅಂಟುವ ಪ್ರೋಟೀನುಗಳು ಹೊರಹಾಕುತ್ತವೆ. 2007ರಲ್ಲಿ ಸಾರಾ ಲಿನ್ಸೆ, ಕೆನೆತ್ ಡಾಸನ್ ಮತ್ತು ಸಹೋದ್ಯೋಗಿಗಳು ಕಣದ ಸುತ್ತ ಕೂರುವ ಪ್ರೋಟೀನ್ ಪದರವನ್ನು ‘ಪ್ರೋಟೀನ್ ಕರೋನಾ’ ಎಂದು ಕರೆದಾಗಲೂ ಯಾವುದು ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಆದ್ದರಿಂದ ವಾಪಸಾಗದ ಅಂಟಿಕೆ ಎಂದು ಮುದ್ರೆ ಒತ್ತುವುದಕ್ಕೆ ಮೊದಲು ವಿನಿಮಯವನ್ನೂ ಅಳೆಯಬೇಕು. ಬಣ್ಣ ಕಟ್ಟಿದ ಆಲ್ಬುಮಿನನ್ನು ಮೊದಲು ಕೂರಿಸಿ, ಬಣ್ಣವಿಲ್ಲದ್ದನ್ನು ಆಮೇಲೆ ಸೇರಿಸಿದರೆ ತಿಳಿಯುತ್ತದೆ.

ಇದು ಪುಸ್ತಕದೊಳಗಿನ ಚರ್ಚೆಯಷ್ಟೇ ಎಂದು ಯಾರೂ ಭಾವಿಸಬಾರದು. ರಕ್ತದಲ್ಲಿ ಕಬ್ಬಿಣವನ್ನು ಸಾಗಿಸುವ ಪ್ರೋಟೀನಾದ ಟ್ರಾನ್ಸ್‌ಫೆರಿನ್ ಕಟ್ಟಿದ ನ್ಯಾನೋಕಣಗಳು ಸೀರಮ್ ಇರುವ ಮಾಧ್ಯಮದಲ್ಲಿ ತಮ್ಮ ಗುರಿಯ ಗ್ರಾಹಕವನ್ನು ಗುರುತಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತವೆಯೆಂದು 2013ರಲ್ಲಿ ಪ್ರಕಟವಾಯಿತು, ಕಾರಣ ಅವುಗಳ ಮೇಲೆ ಬೇರೆ ಪ್ರೋಟೀನುಗಳು ಹೊದಿಕೆಯಾಗಿ ಕುಳಿತದ್ದು. ಔಷಧವನ್ನು ಹೊತ್ತೊಯ್ಯಬೇಕಾದ ಕಣದ ಭವಿಷ್ಯ ಈ ಪದರದಲ್ಲಿದೆ.

ಬೆಳಕುಮಾಪಕ

ಒಪ್ಪಿದೆ. ಆದರೆ ಬಣ್ಣ ಕಟ್ಟಿದ ಪ್ರೋಟೀನ್ ಬಣ್ಣದ ಕಾರಣದಿಂದಲೇ ಹೆಚ್ಚು ಅಂಟುವುದುಂಟು, ಅದಕ್ಕೊಂದು ನಿಯಂತ್ರಣ ಪ್ರಯೋಗ ಇರಲಿ.

ರಚನೆ ಬದಲಾಗುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆಯಾದರೆ, 20 ನ್ಯಾನೋಮೀಟರ್ ಚಿನ್ನ ಸರಿಯಾದ ಪದಾರ್ಥವಲ್ಲ. ಅಂಟಿದ ಪ್ರೋಟೀನೇ 1 ಮೈಕ್ರೋಮೋಲಾರ್ ಆಗಬೇಕೆಂದರೆ ಕಣಗಳನ್ನು ಮೂವತ್ತು ಪಟ್ಟು ಸಾಂದ್ರಗೊಳಿಸಬೇಕು, ಆಗ ದ್ರಾವಣದಲ್ಲಿ ಬೆಳಕೇ ಹಾಯುವುದಿಲ್ಲ. 5 ನ್ಯಾನೋಮೀಟರ್ ಕಣಗಳನ್ನು ಬಳಸಿದರೆ ಅಷ್ಟೇ ಹೀರಿಕೆಗೆ ಸುಮಾರು ನಾಲ್ಕು ಪಟ್ಟು ಮೇಲ್ಮೈ ಸಿಗುತ್ತದೆ. ಸಿಲಿಕಾ ಆದರೆ ಇನ್ನೂ ಒಳ್ಳೆಯದು, ಅದು ಅತಿನೇರಳೆಗೆ ಬಹುತೇಕ ಪಾರದರ್ಶಕ. ವರ್ಟೆಗೆಲ್, ಸೀಗೆಲ್ ಮತ್ತು ಡಾರ್ಡಿಕ್ 2004ರಲ್ಲಿ 4, 20 ಮತ್ತು 100 ನ್ಯಾನೋಮೀಟರಿನ ಸಿಲಿಕಾ ಕಣಗಳ ಮೇಲೆ ಲೈಸೋಜೈಮನ್ನು ಕೂರಿಸಿ, ಕಣ ದೊಡ್ಡದಾದಷ್ಟೂ ಆಕಾರವೂ ಕಿಣ್ವದ ಚಟುವಟಿಕೆಯೂ ಹೆಚ್ಚು ಕೆಡುತ್ತವೆ ಎಂದು ತೋರಿಸಿದರು. ಸಣ್ಣ ಕಣದ ಬಾಗಿದ ಮೇಲ್ಮೈಗೆ ಅಣುವಿನ ಸ್ವಲ್ಪ ಭಾಗವೇ ತಗುಲುತ್ತದೆ, ದೊಡ್ಡದರ ಮೇಲೆ ಅದು ಚಾಚಿಕೊಳ್ಳುತ್ತದೆ. ಸಿಲಿಕಾದ ಉತ್ತರ ಚಿನ್ನಕ್ಕೆ ಅನ್ವಯಿಸುತ್ತದೆಂದು ನಾನು ಹೇಳುತ್ತಿಲ್ಲ. ನಿಮ್ಮ ಅಳತೆಯ ಕ್ರಮ ಸರಿಯಿದೆಯೇ ಎಂದು ಅಲ್ಲಿ ಪರೀಕ್ಷಿಸಿಕೊಳ್ಳಬಹುದು.

ಕೆಂಪುದ್ರಾವಣ

ಆರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ.

ಎರಡು ಕೋಣೆಯ ಕುವೆಟ್ಟಿನಲ್ಲಿ ಕಣಗಳೂ ಪ್ರೋಟೀನೂ ಬೇರೆ ಬೇರೆ ಇದ್ದಾಗಲೂ ಪ್ರತಿದೀಪ್ತಿ ಕುಗ್ಗಿತು. ತಿದ್ದುಪಡಿ ಸೂತ್ರವನ್ನು ಹಚ್ಚಿದ ಮೇಲೆ, ಬೆರೆಸಿದ ದ್ರಾವಣದಲ್ಲಿ ಉಳಿದ ಇಳಿಕೆ ನನ್ನ ಅಳತೆಯ ದೋಷದ ಮಿತಿಯೊಳಗೇ ಇದೆ. ಸಿ.ಡಿ. ಉಪಕರಣದ ವೋಲ್ಟೇಜ್ 206 ನ್ಯಾನೋಮೀಟರಿನ ಕೆಳಗೆ ಮಿತಿ ದಾಟಿತ್ತು. ಅದನ್ನು ಗಮನಿಸದೆ ಇಡೀ ರೇಖೆಯನ್ನು ತಂತ್ರಾಂಶಕ್ಕೆ ಕೊಟ್ಟಿದ್ದೆ. ಚಿಕ್ಕ ಹಾದಿಯ ಕುವೆಟ್ ಬಳಸಿ, ಕಣಗಳಿರುವ ಬಫರನ್ನೇ ಕಳೆದು ಮತ್ತೆ ಅಳೆದಾಗ 65 ಬಂದಿದೆ. ವರದಿಯಿಂದ ಎರಡು ಪುಟಗಳನ್ನು ತೆಗೆದಿದ್ದೇನೆ.

ಉಪ್ಪಿನ ಪರೀಕ್ಷೆ ನನಗೆ ಬಹಳ ಸಂತೋಷ ಕೊಟ್ಟಿತು. ಬರಿಯ ಕಣಗಳು ನೋಡನೋಡುತ್ತಿದ್ದಂತೆ ನೀಲಿಯಾದವು, ಆಲ್ಬುಮಿನ್ ಸೇರಿಸಿದವು ಮರುದಿನವೂ ಕೆಂಪಾಗಿದ್ದವು. ಆಲ್ಬುಮಿನನ್ನು ಇಳಿಸುತ್ತ ಹೋದಾಗ ಕಣಕ್ಕೆ ಕೆಲವು ಹತ್ತುಗಳಷ್ಟು ಅಣುಗಳ ಮಟ್ಟದಲ್ಲಿ ಬಣ್ಣ ತಿರುಗತೊಡಗಿತು, ಅಂದರೆ ಕಾಗದದ ಮೇಲಿನ ತ್ರಿಕೋನದ ಲೆಕ್ಕಕ್ಕೆ ಹತ್ತಿರವೇ. 650 ನ್ಯಾನೋಮೀಟರಿನ ಬಳಿ ಮಾತ್ರ ತುಸು ಏರಿಕೆ ಇದೆ, ಹಾಗಾಗಿ ಡಿ.ಎಲ್.ಎಸ್.ನ 38ರಲ್ಲಿ ಜೋಡಿಗಳ ಪಾಲೂ ಇದೆ. ಪ್ರೋಟೀನಿಗೆ ಕಣಗಳನ್ನು ಸುರಿಯುವ ಬದಲು ಕಣಗಳಿಗೆ ಪ್ರೋಟೀನನ್ನು ನಿಧಾನವಾಗಿ ಸೇರಿಸುತ್ತಿದ್ದೆ, ಅದೇ ಕಾರಣವಿರಬಹುದೇ?

ಮೇಲ್ಮೈಚಿಂತಕ

ಇರಬಹುದು. ಪ್ರೋಟೀನ್ ಸಾಲದೆ ಇದ್ದ ಆ ಮೊದಲ ಕ್ಷಣಗಳಲ್ಲಿ ಒಂದೇ ಅಣು ಎರಡು ಕಣಗಳಿಗೆ ಸೇತುವೆಯಾಗಿಬಿಡುತ್ತದೆ. ಮುಂದಿನ ಬಾರಿ ಆಲ್ಬುಮಿನ್ ಹೆಚ್ಚಾಗಿರುವ ದ್ರಾವಣವನ್ನು ಚೆನ್ನಾಗಿ ಕಲಕುತ್ತ, ಕಣಗಳನ್ನು ಅದಕ್ಕೆ ಸೇರಿಸಿ, ಆಮೇಲೆ 650ರ ಹೀರಿಕೆಯನ್ನು ಹೋಲಿಸಿ.

ಕೆಂಪುದ್ರಾವಣ

ನಾಳೆಯೇ ಮಾಡುತ್ತೇನೆ. ಸಿಲಿಕಾ ಕಣಗಳು ಮುಂದಿನ ವಾರ ಬರುತ್ತವೆ. ಲೈಸೋಜೈಮಿನಿಂದ ಪ್ರಾರಂಭಿಸಿ, ಪ್ರತಿ ಅಳತೆಗೂ ಮೊದಲು ಎಷ್ಟು ಅಣುಗಳು ಮೇಲ್ಮೈಯಲ್ಲಿ ಇರಲು ಸಾಧ್ಯ ಎಂಬ ಲೆಕ್ಕವನ್ನು ಪುಸ್ತಕದ ಎಡಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಸಿಟ್ರೇಟ್ ಸೇರಿಸಿದ ಚಿನ್ನದ ಮಾದರಿಗೆ ಹನ್ನೆರಡು ಆರಂಭಿಕ ದಿಕ್ಕುಗಳನ್ನು ಸಿದ್ಧಪಡಿಸಿದ್ದೇನೆ. ಗಣಕಮಿತ್ರ ಅವರೇ, ಓಟಕ್ಕೆ ಹಚ್ಚುವ ಮುನ್ನ ಸಿಟ್ರೇಟಿನ ಆವೇಶಗಳನ್ನು ನೀವು ಒಮ್ಮೆ ನೋಡಿಕೊಡುವಿರಾ?

ಗಣಕಮಿತ್ರ

ಖಂಡಿತ ನೋಡುತ್ತೇನೆ. ಪ್ರತಿ ಸಿಟ್ರೇಟಿನ ಮೇಲೆ ಎಷ್ಟು ಪ್ರೋಟಾನುಗಳನ್ನು ಉಳಿಸಿದ್ದೀರಿ ಮತ್ತು ಒಂದು ಚದರ ನ್ಯಾನೋಮೀಟರಿಗೆ ಎಷ್ಟು ಸಿಟ್ರೇಟ್ ಇಟ್ಟಿದ್ದೀರಿ ಎಂಬ ಎರಡು ವಿವರಗಳನ್ನು ಕಡತದ ಜೊತೆಗೆ ಇಲ್ಲಿಯೇ ಹಾಕಿ.